ಸೀಡಿಯ ಹಣೆಗೆ ವಿಭೂತಿ

ಸೀಡಿ ಹೇಗೆ ಕೆಲಸ ಮಾಡುತ್ತದೆ ಎಂದು ಗಾಢ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾನು ಹೇಳಿಬಿಡುತ್ತೇನೆ. ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತ ಅರ್ಧ ಆಯುಷ್ಯ ಕಳೆದವಳು ನಾನು. ಪ್ರತಿ ವರ್ಷ ಅದೇ ಪಾಠ, ಹಲಗೆಯ ಮೇಲೆ ಅದೇ ಚಿತ್ರ, ಪರೀಕ್ಷೆಗೆ ಅದೇ ಪ್ರಶ್ನೆ. ಬೆಳಕು ಬೀಳುತ್ತದೆ, ಬೆಳಕು ಮರಳುತ್ತದೆ, ಮರಳಿದ ಬೆಳಕಿನ ಏರುಪೇರನ್ನು ಯಂತ್ರ ಓದುತ್ತದೆ. ಇಷ್ಟನ್ನು ಅದೆಷ್ಟೋ ಹುಡುಗಿಯರ ತಲೆಗೆ ತುಂಬಿದ ನನಗೆ, ನನ್ನದೇ ತಲೆಯ ಚಿತ್ರವಿದ್ದ ಒಂದು ಸೀಡಿಯನ್ನು ಓದಿಸಿಕೊಳ್ಳಲು ಆಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಇಳಿಸಬೇಕು ಎನ್ನುವುದೂ ತಿಳಿದಿಲ್ಲ.

ಶುರುವಾದದ್ದು ಅಡುಗೆಮನೆಯ ಬಾಗಿಲಿನಿಂದ. ಮಾಳಮಡ್ಡಿಯಲ್ಲಿ ನಮ್ಮದು ಸಣ್ಣ ಮನೆ, ಇರುವವರು ಇಬ್ಬರೇ, ಅವ್ವ ಮತ್ತು ನಾನು. ಹುಟ್ಟಿದಾಗಿನಿಂದ ಓಡಾಡಿದ ಬಾಗಿಲಿಗೆ ನನ್ನ ಎಡಭುಜ ಬಡಿಯತೊಡಗಿತು. ಮೊದಲು ಬಾಗಿಲನ್ನು ಬೈದೆ. ಆಮೇಲೆ ದಾರಿಯಲ್ಲಿ ಬುಟ್ಟಿ, ಚೀಲ ಇಡುತ್ತಾಳೆಂದು ಅವ್ವನನ್ನು ಬೈದೆ. ಒಂದು ದಿನ ಸಂತೆಗೆ ಹೋದಾಗ ಎಡಗಡೆಯಿಂದ ಬಂದ ಸ್ಕೂಟರು ನನಗೆ ಕಾಣಲೇ ಇಲ್ಲ. ಸವಾರ ಬ್ರೇಕು ಹಾಕಿ, ಕಣ್ಣು ಕಾಣಸಂಗಿಲ್ಲೇನ್ರಿ ಎಂದು ರೇಗಿದ. ಅವನಿಗೆ ತಿರುಗಿ ಜೋರು ಮಾಡಲು ಬಾಯಿ ತೆರೆದೆ. ಅವನು ಹೇಳಿದ್ದು ನಿಜ ಎನ್ನುವುದು ಆ ಕ್ಷಣ ಹೊಳೆದು ಬಾಯಿ ಮುಚ್ಚಿಕೊಂಡೆ. ಎರಡೂ ಕಣ್ಣುಗಳ ಹೊರ ಅಂಚು ಮಬ್ಬಾಗಿತ್ತು, ಎಡಗಡೆ ಹೆಚ್ಚು.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣು ಸರಿ ಇವೆ, ಕಣ್ಣಿನ ಹಿಂದೆ ಏನಿದೆಯೋ ನೋಡಿಸಿ ಎಂದರು. ಅವರು ಸತ್ತೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ನನ್ನನ್ನು ಒಂದು ಕೊಳವೆಯೊಳಗೆ ಮಲಗಿಸಿ ಸ್ಕ್ಯಾನ್ ಮಾಡಿದರು. ಮರುದಿನ ತಲೆಯ ಡಾಕ್ಟರು ತಮ್ಮ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರ ಓರಗೆಯವರು, ಮಾತು ಮೆತ್ತಗೆ. ಮೂಗಿನ ಹಿಂದೆ, ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಕೆಳಗೆ ಒಂದು ಬಿಳಿಚಿದ ಗುಂಡನೆಯ ಗಂಟು. ಅದು ನರವನ್ನು ಮುಟ್ಟಿಕೊಂಡಿದೆ ಎಂದರು.

ಅದು ಹೊಸ ಅತಿಥಿಯಲ್ಲ ಎಂದು ನಾನೇ ಹೇಳಿದೆ. ನಾಲ್ಕು ವರ್ಷದ ಹಿಂದೆ ಸ್ಕೂಟಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದಾಗ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದ್ದೆವು. ಪೆಟ್ಟಿನಿಂದ ಏನೂ ಆಗಿರಲಿಲ್ಲ. ಆದರೆ ಅಂದು ನೋಡಿದ ಡಾಕ್ಟರು, ತಲೆಯಲ್ಲಿ ಒಂದು ಸಣ್ಣ ಕಲೆ ಇದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದರು. ಅವ್ವ ಪಕ್ಕದಲ್ಲೇ ಕೂತಿದ್ದಳು. ತಲೆಯಲ್ಲಿರುವುದಕ್ಕೇ ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರಲ್ಲ ಎಂದು ನಾನು ದಾರಿಯುದ್ದಕ್ಕೂ ನಗಾಡಿದ್ದೆ. ಅವ್ವ ನಕ್ಕಿರಲಿಲ್ಲ. ವರದಿಯ ಕಾಗದದಲ್ಲಿ ಆ ಕಲೆಗೆ ಒಂದೇ ಸಾಲು ಸಿಕ್ಕಿತ್ತು, ಅದರ ಅಳತೆ ಬರೆದಿರಲಿಲ್ಲ.

ಸತ್ತೂರಿನ ಡಾಕ್ಟರು ಆ ಕಾಗದವನ್ನು ಓದಿ ಪಕ್ಕಕ್ಕಿಟ್ಟರು. ಸಣ್ಣದು ಎಂದರೆ ಎಷ್ಟು ಸಣ್ಣದು ಎಂದು ಕೇಳಿದರು. ಅಂದು ಇದ್ದಷ್ಟೇ ಇಂದೂ ಇದ್ದರೆ ಅದು ಮಲಗಿದ ಪ್ರಾಣಿ, ಕೆಣಕುವುದು ಬೇಡ, ಮಬ್ಬಿಗೆ ಬೇರೆ ಕಾರಣ ಹುಡುಕೋಣ. ಬೆಳೆದಿದ್ದರೆ ಮಾತ್ರ ತಡ ಮಾಡುವಂತಿಲ್ಲ, ಮೂಗಿನ ದಾರಿಯಿಂದಲೋ ತಲೆ ತೆರೆದೋ ತೆಗೆಯಬೇಕು. ಆ ಜಾಗದಲ್ಲಿ ಕೈಯಾಡಿಸುವಾಗ ಇರುವ ದೃಷ್ಟಿಯೂ ಹೋಗಬಹುದು.

"ಹಳೇ ಚಿತ್ರ ತಂದ್ ಕೊಡ್ರಿ ಮೇಡಂ," ಎಂದರು. "ಎರಡೂ ಬಾಜೂಕ ಇಟ್ಟು ನೋಡಿದ್ರ ಐದ ಮಿನಿಟಿನ್ಯಾಗ ಹೇಳ್ತೀನಿ. ಅದಿಲ್ಲದ ನಾನೂ ಕುರುಡಾನ."

ಹಳೆಯ ಚಿತ್ರ ಸೀಡಿಯಲ್ಲಿತ್ತು. ಅಂದು ಅವರು ದೊಡ್ಡ ಕಪ್ಪು ಫಿಲ್ಮು ಕೊಟ್ಟಿರಲಿಲ್ಲ, ಈಗೆಲ್ಲ ಇದೇ ಎಂದು ಒಂದು ಸೀಡಿಯನ್ನು ಕಾಗದದ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಆ ಸ್ಕ್ಯಾನಿಂಗ್ ಸೆಂಟರು ಮುಚ್ಚಿ ಅಲ್ಲಿ ಈಗ ಬಟ್ಟೆ ಅಂಗಡಿ ಬಂದಿದೆ. ಯಂತ್ರ ಎಲ್ಲಿ ಹೋಯಿತೋ, ಅದರ ಹೊಟ್ಟೆಯಲ್ಲಿದ್ದ ಚಿತ್ರಗಳು ಎಲ್ಲಿ ಹೋದವೋ, ಹೇಳುವವರಿಲ್ಲ. ನನ್ನ ಕೈಯಲ್ಲಿರುವ ಸೀಡಿಯೊಂದೇ ಉಳಿದದ್ದು. ಅದರ ಬಗ್ಗೆ ನನಗೆ ಚಿಂತೆಯೂ ಇರಲಿಲ್ಲ, ನಾನು ವಸ್ತುಗಳನ್ನು ಜೋಪಾನ ಮಾಡುವವಳು. ಕಾಗದಪತ್ರಗಳ ಟ್ರಂಕಿನಲ್ಲಿ ಆ ಚೀಲ ಇಟ್ಟ ಜಾಗದಲ್ಲೇ ಇತ್ತು. ತೆರೆದೆ. ಒಳಗೆ ಏನೂ ಇರಲಿಲ್ಲ.

ಅವ್ವ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸೀಡಿ ಎಲ್ಲಿ ಎಂದು ಕೇಳಿದೆ. ಇಲ್ಲೇ ಇದೆಯಲ್ಲ ಎಂದು ಎದ್ದು ದೇವರ ಜಗಲಿಯತ್ತ ಹೋದಳು. ನಮ್ಮಲ್ಲಿ ಜಗಲಿ ಎಂದರೆ ಒಂದು ಮೂಲೆ, ಅದಕ್ಕೊಂದು ಪರದೆ. ಪೂಜೆ ಪುನಸ್ಕಾರ ಎಲ್ಲ ಆಕೆಯದು. ನಾನು ಆ ಪರದೆ ಸರಿಸಿದವಳಲ್ಲ. ಹಣೆಗೆ ವಿಭೂತಿ ಹಚ್ಚಿಕೋ ಎಂದು ಆಕೆ, ಒಲ್ಲೆ ಎಂದು ನಾನು, ಈ ಜಗಳ ನನ್ನ ಕಾಲೇಜು ದಿನಗಳಿಂದ ನಡೆದು, ಇಬ್ಬರಿಗೂ ಸಾಕಾಗಿ ನಿಂತುಹೋಗಿತ್ತು. ನಿಂತಿತ್ತು ಎಂದು ನಾನು ತಿಳಿದಿದ್ದೆ.

ಆಕೆ ತಂದದ್ದು ಹೊಸ ಖಣದಲ್ಲಿ ಸುತ್ತಿದ ಒಂದು ಗಂಟು. ಕುಪ್ಪಸ ಹೊಲಿಸಲೆಂದು ಯಾರೋ ಉಡಿ ತುಂಬಿದ ಖಣ. ಬಿಚ್ಚಿದಳು. ಒಳಗೆ ಸೀಡಿ. ಅದರ ಮೇಲೆ, ನಡುವಿನ ತೂತಿಗಿಂತ ಮೇಲ್ಗಡೆ, ಈ ಅಂಚಿನಿಂದ ಆ ಅಂಚಿಗೆ ಮೂರು ಪಟ್ಟೆ ವಿಭೂತಿ. ಒಣಗಿದ ಒಂದು ಸೇವಂತಿಗೆಯ ಎಸಳು ಅಂಟಿತ್ತು.

"ನಿನ್ನ ತಲಿ ಇದರಾಗ ಐತಿ ಅಂದ್ರಲ್ಲ ಅವತ್ತ," ಎಂದಳು. "ನೀನರ ಹಚ್ಚಿಕೊಳ್ಳಾಂಗಿಲ್ಲ. ಅದಕ್ಕ ಇದಕ್ಕ ಹಚ್ಚೇನಿ. ಸ್ವಾಮಾರಕ್ಕೊಮ್ಮೆ."

ಸ್ವಾಮಾರ ಎಂದರೆ ಸೋಮವಾರ. ನಾನು ಶಾಲೆಗೆ ಹೋದ ಮೇಲೆ, ಪ್ರತಿ ಸೋಮವಾರ, ಹಸಿ ಬಟ್ಟೆಯಿಂದ ಹಳೆಯ ಪಟ್ಟೆ ಒರೆಸಿ, ವಿಭೂತಿ ಗಟ್ಟಿಗೆ ನೀರು ತಾಗಿಸಿ ಬೆರಳಿನಿಂದ ಹೊಸ ಪಟ್ಟೆ ಎಳೆಯುತ್ತಿದ್ದಳಂತೆ. ನಾಲ್ಕು ವರ್ಷ. ಕಳೆದ ವರ್ಷ ನಾನು ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ, ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ. ಹೊಸ ಸ್ಕೂಟಿ ಬಂದಾಗ, ಟಿವಿ ಬಂದಾಗ, ಗ್ಯಾಸಿನ ಒಲೆ ಬಂದಾಗ ಹಚ್ಚಿದ ಹಾಗೆ ಇದಕ್ಕೂ. ನಮ್ಮ ಮನೆಗೆ ಬಂದ ಯಾವ ವಸ್ತುವೂ ಆಕೆಯ ವಿಭೂತಿ ತಪ್ಪಿಸಿಕೊಂಡಿಲ್ಲ.

ನನ್ನ ಮುಖ ನೋಡಿ ಅವ್ವನಿಗೆ ಏನೋ ಅನುಮಾನ ಬಂತು. ಹೊಳೆಯುವ ಕಡೆ ತಾನು ಬೆರಳೂ ತಾಗಿಸಿಲ್ಲ, ಆ ಸೆಂಟರಿನ ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಮುಟ್ಟಬಾರದು ಎಂದಿದ್ದಳು, ತನಗೆ ನೆನಪಿದೆ ಎಂದಳು. ಸೀಡಿಯನ್ನು ತಿರುಗಿಸಿ ತೋರಿಸಿದಳು. ನಿಜ. ಹೊಳೆಯುವ ಮೈ ಕನ್ನಡಿಯಂತೆ ಸ್ವಚ್ಛವಾಗಿತ್ತು, ಒಂದು ಗೀರೂ ಇರಲಿಲ್ಲ.

ಇಲ್ಲಿ ನಾನು ಸ್ವಲ್ಪ ಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ಸೀಡಿಯ ಹೊಳೆಯುವ ಮೈ ಎಂದು ನಾವು ತಿಳಿಯುವುದು ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕು. ಅದು ಕಿಟಕಿಯ ಗಾಜು ಇದ್ದ ಹಾಗೆ, ಅದರಲ್ಲಿ ಏನೂ ಬರೆದಿರುವುದಿಲ್ಲ. ಬರಹ ಇರುವುದು ಅದರ ಆಚೆ, ಹೆಸರು ಬರೆಯುವ ಮೇಲ್ಮೈಯ ತೀರ ಹತ್ತಿರ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸೀಡಿಯಾದರೆ ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತಗ್ಗುಗಳು ಸಾಲಾಗಿರುತ್ತವೆ. ತಗ್ಗೆಂದರೆ ಸೊನ್ನೆ, ಸಮತಟ್ಟೆಂದರೆ ಒಂದು ಎಂದು ಮಕ್ಕಳ ಗೈಡಿನಲ್ಲಿ ಬರೆದಿರುತ್ತಿತ್ತು. ಆ ಗೈಡು ಬರೆದ ಪುಣ್ಯಾತ್ಮ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ. ತಗ್ಗಿನಿಂದ ಸಮತಟ್ಟಿಗೆ, ಸಮತಟ್ಟಿನಿಂದ ತಗ್ಗಿಗೆ ದಾಟುವ ಅಂಚು ಒಂದು, ದಾಟದೆ ಹಾಗೇ ಸಾಗಿದ್ದೆಲ್ಲ ಸೊನ್ನೆ. ಆಸ್ಪತ್ರೆಯವರು ಬರೆದುಕೊಡುವ ಸೀಡಿಯಲ್ಲಿ ತಗ್ಗುಗಳೂ ಇಲ್ಲ. ಒಂದು ತೆಳುವಾದ ಬಣ್ಣದ ಲೇಪ ಇರುತ್ತದೆ, ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಮಂಕಾಗಿಸುತ್ತದೆ. ಆ ಲೇಪದ ಬೆನ್ನಿಗೆ ಬೆಳಕನ್ನು ಮರಳಿಸುವ ಬೆಳ್ಳಿಯಂಥ ಪದರ. ಅದನ್ನು ಕಾಯುವುದಕ್ಕೆ ಉಗುರಿಗೆ ಹಚ್ಚುವ ಬಣ್ಣದಷ್ಟು ತೆಳ್ಳಗಿನ ವಾರ್ನಿಶ್. ಅಷ್ಟೇ. ಕೆಳಗಿನ ಮೈಗೆ ಗೀರು ಬಿದ್ದರೆ ಉಜ್ಜಿ ನಯ ಮಾಡಬಹುದು. ಮೇಲಿನ ವಾರ್ನಿಶ್ ಸವೆದರೆ ಬೆಳ್ಳಿಯೂ ಲೇಪವೂ ಕೂಡಿಯೇ ಎದ್ದು ಹೋಗುತ್ತವೆ.

ಅವ್ವ ನಾಲ್ಕು ವರ್ಷ ಜೋಪಾನ ಮಾಡಿದ್ದು ಗಾಜನ್ನು, ಒರೆಸಿದ್ದು ಬರಹವನ್ನು. ಜಗತ್ತೆಲ್ಲ ಹೊಳೆಯುವ ಕಡೆಯೇ ಮುಖ ಎಂದುಕೊಂಡಿರುವಾಗ ಆಕೆಯೊಬ್ಬಳೇ ಏನು ಮಾಡಿಯಾಳು?

ಇದೆಲ್ಲ ಈಗ ಶಾಂತವಾಗಿ ಬರೆಯುತ್ತಿದ್ದೇನೆ. ಅಂದು ಸಿಟ್ಟು ನೆತ್ತಿಗೇರಿತ್ತು. ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ, ಯಾವುದಕ್ಕೆ ಏನು ಹಚ್ಚಬೇಕು ಎನ್ನುವ ಬುದ್ಧಿ ಬೇಡವೇ ಎಂದೆ. ಅವ್ವ ಖಣವನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಬೈಸಿಕೊಳ್ಳುವಾಗ ಆಕೆ ಯಾವಾಗಲೂ ಹಾಗೇ, ಮಳೆ ನಿಲ್ಲಲಿ ಎಂದು ಕಾಯುವವರ ಹಾಗೆ. ಕೊನೆಗೆ, ಓದತೈತೋ ಇಲ್ಲೋ ಮೊದಲ ನೋಡು ಎಂದಳು. ಅದು ಸರಿಯಾದ ಮಾತೇ ಆಗಿತ್ತು.

ಆದರೆ ಎಲ್ಲಿ ನೋಡುವುದು? ನನ್ನ ಲ್ಯಾಪ್‌ಟಾಪಿಗೆ ಸೀಡಿ ಹಾಕುವ ಬಾಯೇ ಇಲ್ಲ. ಪಕ್ಕದ ಮನೆಯವರದಕ್ಕೂ ಇಲ್ಲ, ಅವರ ಮಗಳಂತೂ ಸೀಡಿಯನ್ನು ಹಿಡಿದು ನೋಡಿ, ಇದು ನಮ್ಮ ಸಣ್ಣಂದಿನಾಗ ಇತ್ತಲ್ರಿ ಎಂದು ನಕ್ಕಳು. ನಾನು ಕಲಿಸಿದ ಶಾಲೆಗೆ ಫೋನು ಮಾಡಿದೆ. ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ್ದರು. ಅಷ್ಟು ವರ್ಷ ಯಾವ ಡ್ರೈವುಗಳ ಮುಂದೆ ನಿಂತು ಪಾಠ ಹೇಳಿದೆನೋ ಅವುಗಳಲ್ಲಿ ಒಂದೂ ಈ ಊರಿನಲ್ಲಿ ಉಳಿದಿರಲಿಲ್ಲ. ಮರುದಿನ ಸತ್ತೂರಿಗೇ ಹೋದೆ. ಅಲ್ಲಿನ ಕೌಂಟರಿನಲ್ಲಿ ಒಂದು ಡ್ರೈವು ಇತ್ತು. ಸೀಡಿ ಒಳಗೆ ಹೋಯಿತು, ಗಿರ್ರೆಂದಿತು, ತಡವರಿಸಿತು, ಮತ್ತೆ ಗಿರ್ರೆಂದಿತು, ಹೊರಗೆ ಬಂತು. ಒಳಗೆ ಡಿಸ್ಕೇ ಇಲ್ಲ ಎಂದು ಪರದೆಯ ಮೇಲೆ ಬರೆದುಕೊಂಡಿತು. ಕೌಂಟರಿನವರು ಕೆಟ್ಟವರಲ್ಲ, ಹಳೆಯ ಕಾಲದ ಡ್ರೈವು ನಿಧಾನಕ್ಕೆ ತಿರುಗುತ್ತದೆ, ಒಮ್ಮೊಮ್ಮೆ ಅದು ಓದುತ್ತದೆ ಎಂದು ಹುಬ್ಬಳ್ಳಿಯ ಒಂದು ಅಂಗಡಿಯ ಗುರುತು ಹೇಳಿದರು.

ಅವ್ವ ತಾನೂ ಬರುತ್ತೇನೆ ಎಂದಳು. ಬೇಡ ಎಂದೆ. ಸೀರೆ ಉಟ್ಟು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

ಆ ಅಂಗಡಿ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅಂಗಡಿಯ ಸಾಹೇಬರು ಮೊದಲು ಮದುವೆಗಳ ವಿಡಿಯೊ ತೆಗೆದು ಸೀಡಿ ಮಾಡಿಕೊಡುತ್ತಿದ್ದವರು. ಈಗ ಕಂಪ್ಯೂಟರ್ ರಿಪೇರಿ. ಆದರೂ ಹಳೆಯ ಡ್ರೈವುಗಳನ್ನು ಇಟ್ಟುಕೊಂಡಿದ್ದರು, ತಂದೆ ತಾಯಿಯ ಮದುವೆ ನೋಡಬೇಕು ಎಂದು ಮಕ್ಕಳು ಆಗಾಗ ಸೀಡಿ ಹಿಡಿದುಕೊಂಡು ಬರುತ್ತಾರಂತೆ. ಅವ್ವನಿಗೆ ಕುರ್ಚಿ ಕೊಟ್ಟು, ನನ್ನ ಕಥೆ ಕೇಳಿ, ಸೀಡಿಯನ್ನು ಅಂಚು ಹಿಡಿದು ನೋಡಿದರು. ವಿಭೂತಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ, ಹಗುರಾಗಿ ಒರೆಸಿದರು. ಸುತ್ತ ತಿರುಗಿಸಿ ಒರೆಸಬಾರದು, ಬರಹ ಸುತ್ತ ಸುತ್ತ ಇರುತ್ತದೆ ಎಂದು ನಾನು ಬಾಯಿ ಹಾಕುವಷ್ಟರಲ್ಲಿ ಕೆಲಸ ಮುಗಿದಿತ್ತು.

ಡ್ರೈವು ಸೀಡಿಯನ್ನು ನುಂಗಿ ಬಹಳ ಹೊತ್ತು ಯೋಚಿಸಿತು. ಆಮೇಲೆ ಪಟ್ಟಿ ತೆರೆಯಿತು. ನನ್ನ ಹೆಸರು, ಅಂದಿನ ನನ್ನ ವಯಸ್ಸು, ಒಂದರ ಕೆಳಗೊಂದು ಚಿತ್ರಗಳ ಸಾಲು. ಅವ್ವನ ಕೈ ಹಿಡಿದುಕೊಂಡೆ, ಬೈದದ್ದೆಲ್ಲ ಮರೆತೇಹೋಯಿತು.

ಪಟ್ಟಿ ತೆರೆದ ಮಾತ್ರಕ್ಕೆ ಹಿಗ್ಗಬಾರದಿತ್ತು. ಗ್ರಾಮೊಫೋನಿನ ತಟ್ಟೆಯನ್ನು ಹೊರಗಿನಿಂದ ಒಳಕ್ಕೆ ಓದಿದರೆ ಸೀಡಿಯನ್ನು ಒಳಗಿನಿಂದ ಹೊರಕ್ಕೆ ಓದುತ್ತಾರೆ. ತೂತಿನ ಪಕ್ಕದಿಂದ ಹೊರಟ ಒಂದೇ ಗೆರೆ ಸುತ್ತುತ್ತ ಸುತ್ತುತ್ತ ಅಂಚಿಗೆ ಹೋಗುತ್ತದೆ. ತುಂಬಿದ ಸೀಡಿಯ ಆ ಗೆರೆಯನ್ನು ಬಿಡಿಸಿ ನೇರ ಎಳೆದರೆ ಮಾಳಮಡ್ಡಿಯಿಂದ ಹೊರಟು ಹೆಚ್ಚುಕಡಿಮೆ ಸತ್ತೂರಿನ ಹತ್ತಿರಕ್ಕೆ ಬರುತ್ತದೆ ಎಂದು ನಾನೇ ಹುಡುಗಿಯರಿಗೆ ಹೇಳುತ್ತಿದ್ದೆ, ಅವರು ಬಾಯಿ ಬಿಡುತ್ತಿದ್ದರು. ಪಟ್ಟಿ ಇರುವುದು ತೂತಿನ ಪಕ್ಕದ ಮೊದಲ ಸುತ್ತುಗಳಲ್ಲಿ. ಅವ್ವನ ಬೆರಳು ಅಲ್ಲಿಗೆ ತಾಗಿರಲಿಲ್ಲ.

ಸಾಹೇಬರು ಚಿತ್ರಗಳನ್ನು ಒಂದೊಂದಾಗಿ ತೆರೆದರು. ರೊಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ ತಲೆಯನ್ನು ತೆಳು ತೆಳುವಾಗಿ ಅಡ್ಡ ಕೊಯ್ದ ಚಿತ್ರಗಳು, ಕೆಳಗಿನಿಂದ ಮೇಲಕ್ಕೆ. ಮೊದಲು ಗದ್ದ. ಆಮೇಲೆ ಹಲ್ಲುಗಳ ಕಮಾನು. ಅವ್ವ ಹತ್ತಿರ ಬಗ್ಗಿ, ಇದು ನಿನ್ನ ಹುಳುಕು ಹಲ್ಲು ಎಂದಳು, ನಿಜಕ್ಕೂ ಅದೇ ಆಗಿತ್ತು. ಆಮೇಲೆ ನಾಲಗೆಯ ಬುಡ, ಮೂಗಿನ ಒಳಗಿನ ಗೂಡುಗಳು. ನನ್ನ ಕಲೆ ಇರುವ ಜಾಗ ಇನ್ನು ಸ್ವಲ್ಪ ಮೇಲೆ. ಕಣ್ಣುಗುಡ್ಡೆಗಳ ತಳ ಎರಡು ಚಂದ್ರನ ಹಾಗೆ ಕಾಣಿಸಿದವು. ಮುಂದಿನದಕ್ಕೆ ಒತ್ತಿದರು. ಡ್ರೈವು ಗಿರ್ರೆಂದು ವೇಗ ಹೆಚ್ಚಿಸಿತು, ತಗ್ಗಿಸಿತು, ಕಟಕಟ ಎಂದಿತು. ಚಿತ್ರದ ಮೇಲ್ಭಾಗದ ಸ್ವಲ್ಪ ಬಂದು ಉಳಿದದ್ದು ಬೂದು ಬಣ್ಣಕ್ಕೆ ನಿಂತಿತು. ಅದರ ಮುಂದಿನದು ತೆರೆಯಲೇ ಇಲ್ಲ. ಅದರ ಮುಂದಿನದೂ ಇಲ್ಲ.

ಸೀಡಿಗೆ ಒಂದು ಉಪಾಯ ಗೊತ್ತು. ಸಣ್ಣ ಗೀರು ಬಿದ್ದರೆ ಅದು ಸೋಲುವುದಿಲ್ಲ. ಒಂದೆಡೆ ಇರಬೇಕಾದ ಮಾತನ್ನು ಚೂರು ಮಾಡಿ ದೂರ ದೂರ ಹಂಚಿ ಬರೆದಿರುತ್ತಾರೆ, ಜೊತೆಗೆ ತಪ್ಪು ತಿದ್ದುವ ಹೆಚ್ಚಿನ ಅಂಕಿಗಳನ್ನೂ ಸೇರಿಸಿರುತ್ತಾರೆ. ತರಗತಿಯಲ್ಲಿ ನಾನು ಒಂದು ವಾಕ್ಯದ ಪದಗಳನ್ನು ಬೇರೆ ಬೇರೆ ಬೆಂಚಿನ ಹುಡುಗಿಯರಿಗೆ ಹಂಚುತ್ತಿದ್ದೆ. ಒಬ್ಬಿಬ್ಬರು ಗೈರಾದರೂ ಉಳಿದವರು ಸೇರಿ ವಾಕ್ಯ ಊಹಿಸುತ್ತಿದ್ದರು. ಇಡೀ ಒಂದು ಸಾಲಿನ ಬೆಂಚುಗಳೇ ಖಾಲಿಯಾದರೆ ಏನ್ರಿ ಟೀಚರ್ ಎಂದು ಒಬ್ಬಳು ಕೇಳಿದ್ದಳು. ಆಗ ಆಗೂದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೆ. ನೆಲಮಾಳಿಗೆಯ ಆ ಅಂಗಡಿಯಲ್ಲಿ ಆಗೂದಿಲ್ಲ ಎಂಬ ಆ ಮಾತನ್ನು ಡ್ರೈವು ನನಗೆ ಮತ್ತೆ ಮತ್ತೆ ಹೇಳುತ್ತಿತ್ತು.

ಅವರು ಡ್ರೈವು ಬದಲಿಸಿದರು. ವೇಗ ಇಳಿಸಿದರು. ಉಳಿದದ್ದನ್ನು ಹೆಕ್ಕಿ ತೆಗೆಯುವ ಯಾವುದೋ ಪ್ರೋಗ್ರಾಮು ಹಚ್ಚಿ ನಮಗೆ ಚಹಾ ತರಿಸಿದರು. ಚಹಾ ಆರಿತು. ಕಡೆಗೆ ಅವರು ಸೀಡಿಯನ್ನು ಹೊರತೆಗೆದು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರು. ಬೆಳ್ಳಿ ಗಟ್ಟಿ ಇದ್ದ ಕಡೆ ಕಪ್ಪಗೆ ಕಂಡಿತು. ಬೆಳ್ಳಿ ಎದ್ದುಹೋದ ಕಡೆ ಬೆಳಕು ಹಾದು ಬಂತು. ಮೂರು ಪಟ್ಟೆ ಬೆಳಕು, ಒಂದರ ಕೆಳಗೊಂದು, ಯಾರೋ ಅಳತೆ ಹಿಡಿದು ಎಳೆದ ಹಾಗೆ.

ಸಾಹೇಬರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಯಂತ್ರ ಬೆಳಕು ಮರಳಲಿ ಎಂದು ಕಾಯುತ್ತದೆ, ಇಲ್ಲಿ ಬೆಳಕು ಮರಳುವುದಿಲ್ಲ, ಆಚೆ ಹೊರಟುಹೋಗುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು. ಪಕ್ಕದಲ್ಲಿ ಸದ್ದಾಯಿತೆಂದು ತಿರುಗಿದರೆ, ಅವ್ವ ಕುರ್ಚಿಯಿಂದ ಎದ್ದು ನಿಂತಿದ್ದಳು. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಆ ಮೂರು ಪಟ್ಟೆಗಳಿಗೆ ನಮಸ್ಕಾರ ಮಾಡುತ್ತಿದ್ದಳು. ಸಾಹೇಬರು ಸೀಡಿಯನ್ನು ಕೆಳಗಿಳಿಸಲಿಲ್ಲ. ಆಕೆ ಕಣ್ಣು ತೆರೆಯುವವರೆಗೂ ಹಾಗೇ ಹಿಡಿದು ನಿಂತರು. ನನಗೆ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ತಡೆದುಕೊಂಡೆ.

ತೆರೆದಷ್ಟು ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಎರಡು ದಿನ ಬಿಟ್ಟು ಸತ್ತೂರಿಗೆ ಹೋದೆವು. ಡಾಕ್ಟರು ಎಲ್ಲವನ್ನೂ ತೆರೆದು ನೋಡಿದರು. ಅರ್ಧಕ್ಕೆ ನಿಂತ ಆ ಬೂದು ಚಿತ್ರವನ್ನು ದೊಡ್ಡದು ಮಾಡಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಅವರಿಗೂ ಕೈ ಚೆಲ್ಲುವ ಮನಸ್ಸಿರಲಿಲ್ಲ. ಆಮೇಲೆ ಕುರ್ಚಿಗೆ ಒರಗಿ ಉಸಿರು ಬಿಟ್ಟರು.

"ಕಲಿ ಇದ್ದ ಜಾಗಾನ ಅಳಿಸಿ ಹೋಗೇತ್ರಿ," ಎಂದರು. ನಮ್ಮ ಕಡೆ ಕಲೆಗೆ ಕಲಿ ಎನ್ನುತ್ತಾರೆ.

ಅವ್ವ ತಲೆಯೆತ್ತಿದಳು. ಆ ಮಾತಿಗೆ ಆಕೆ ಯಾಕೆ ಹಾಗೆ ತಲೆಯೆತ್ತಿದಳು ಎಂದು ನನಗೆ ಆಗ ತಿಳಿಯಲಿಲ್ಲ.

ಡಾಕ್ಟರು ಎರಡು ದಾರಿ ಹೇಳಿದರು. ಈಗಲೇ ತೆಗೆಯುವುದು ಒಂದು. ಅದು ಎಷ್ಟೋ ವರ್ಷದಿಂದ ಹೀಗೇ ಸುಮ್ಮನೆ ಕೂತದ್ದಾಗಿದ್ದರೆ, ಸುಮ್ಮನೆ ಇದ್ದದ್ದಕ್ಕೆ ಕತ್ತರಿ ಹಾಕಿ ಕಣ್ಣು ಕಳೆದುಕೊಂಡ ಹಾಗಾಗಬಹುದು. ಕಾಯುವುದು ಇನ್ನೊಂದು. ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ಇಂದಿನದನ್ನೇ ಹಳೆಯದು ಎಂದುಕೊಂಡು ಹೋಲಿಸುವುದು. ಅದು ಬೆಳೆಯುವಂಥದ್ದೇ ಆಗಿದ್ದರೆ ಆ ಮೂರು ತಿಂಗಳಲ್ಲಿ ಹೋದ ನೋಟ ತಿರುಗಿ ಬಾರದು. ಯಾವುದು ಸರಿ ಎಂದು ಕೇಳಿದೆ. ಹಳೆಯದು ಸಿಕ್ಕಿದ್ದರೆ ಹೇಳುತ್ತಿದ್ದೆ, ಈಗ ನೀವೇ ಹೇಳಬೇಕು ಎಂದರು.

ನನಗೆ ನಗು ಬಂತು. ಜೀವನವಿಡೀ ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಕೇಳಿದವಳು ನಾನು. ಗೊತ್ತಿಲ್ಲ ಎಂದು ನಿಂತ ಹುಡುಗಿಯರಿಗೆ, ಅಂದಾಜಿಗೆ ಬರೆಯಬೇಡಿ, ಅಂದಾಜು ಉತ್ತರವಲ್ಲ ಎಂದು ಗದರಿದವಳು. ನನ್ನ ಎದುರಿಗೆ ಕಂಪ್ಯೂಟರಿನ ಪರದೆಯ ಮೇಲೆ ಅರ್ಧ ತಲೆ ಇತ್ತು, ಅದು ನನ್ನದೇ. ಉಳಿದರ್ಧದಲ್ಲಿ ಉತ್ತರ ಇತ್ತು. ಕಾಯುತ್ತೇನೆ ಎಂದೆ. ಅಂದಾಜಿಗೆ ಹೇಳಿದೆ, ಹೆದರಿಕೆಯಿಂದ ಹೇಳಿದೆ.

ತಿರುಗಿ ಧಾರವಾಡದ ಬಸ್ಸು ಹತ್ತಿದೆವು. ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ನಾನು ಅವ್ವನನ್ನು ಬಲಗಡೆ ಕೂರಿಸಿಕೊಂಡೆ, ಎಡಗಡೆ ಕೂತರೆ ಆಕೆ ಅರ್ಧ ಮಾಯವಾಗಿಬಿಡುತ್ತಾಳೆ. ಆಕೆಗೆ ಏನು ಹೇಳುವುದು, ಎಷ್ಟು ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆ. ನಿನ್ನಿಂದ ಹಾಳಾಯಿತು ಎಂದು ಈ ಬಾಯಿಂದ ಇನ್ನೊಮ್ಮೆ ಬರಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅದು ಹಳೆಯದಾಗಿತ್ತು, ಸೀಡಿಗಳ ಆಯುಷ್ಯವೇ ಅಷ್ಟು ಎಂದು ಸುಳ್ಳು ಹೇಳೋಣ ಎಂದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಮಾತಾಡಿದಳು.

"ಅಳಿಸಿ ಹೋಗೇತಿ ಅಂದ್ರಲ್ಲ ಡಾಕ್ಟರು."

ಹೌದು ಎಂದೆ.

"ನಾನ ಅಳಿಸಿದ್ದು," ಎಂದಳು. ಅದರಲ್ಲಿ ತಪ್ಪೊಪ್ಪಿಗೆ ಇರಲಿಲ್ಲ. ಕೆಲಸ ಮುಗಿಸಿದವರ ಧ್ವನಿ ಇತ್ತು. "ತಲ್ಯಾಗ ಕಲಿ ಐತಿ ಅಂದಿದ್ರು. ಆ ಕಲಿ ಹೋಗಲಿ ಅಂತನ ಸ್ವಾಮಾರಕ್ಕೊಮ್ಮೆ ತಿಕ್ಕಿ ಒರಸ್ತಿದ್ದೆ. ಒರಿಸಿ ವಿಭೂತಿ ಹಚ್ತಿದ್ದೆ."

ಕಲೆ. ಪಾತ್ರೆಗೆ ಹತ್ತುವುದು ಕಲೆ, ಸೀರೆಗೆ ಹತ್ತುವುದು ಕಲೆ. ಜೀವಮಾನವೆಲ್ಲ ಆಕೆ ಕಲೆಗೆ ಮಾಡಿದ್ದು ಇದನ್ನೇ. ಡಾಕ್ಟರ ಬಾಯಿಂದ ಆ ಪದ ಬಿದ್ದ ದಿನ ನಾನು ನಕ್ಕಿದ್ದೆ, ಆಕೆ ಮನೆಗೆ ಬಂದು ಬಟ್ಟೆ ಹಸಿ ಮಾಡಿಕೊಂಡಿದ್ದಳು.

ಆಕೆ ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅಲ್ಲಿಂದ ಹೋತಲ್ಲ ಬೇ," ಎಂದಳು. "ಇಲ್ಲಿಂದ ಯಾಕ ಹೋಗವಲ್ದು?"

ಚಿತ್ರ ಬೇರೆ, ತಲೆ ಬೇರೆ ಎಂದು ಹೇಳಬಹುದಿತ್ತು. ಒಂಬತ್ತನೆಯ ತರಗತಿಯ ಹುಡುಗಿಗೂ ತಿಳಿಯುವ ಹಾಗೆ ಹೇಳಬಲ್ಲೆ. ಆಕೆ ಅದಕ್ಕೆ ಕಾಯಲಿಲ್ಲ. ಸೆರಗಿನ ತುದಿಯನ್ನು ನಾಲಗೆಯಿಂದ ಹಸಿ ಮಾಡಿಕೊಂಡು ನನ್ನ ಹಣೆಯನ್ನು ಒರೆಸತೊಡಗಿದಳು, ಎರಡು ಹುಬ್ಬುಗಳ ನಡುವೆ, ಒತ್ತಿ ಒತ್ತಿ, ಚರ್ಮ ಉರಿಯುವಷ್ಟು. ಮುಂದಿನ ಸೀಟಿನವರು ತಿರುಗಿ ನೋಡಿದರು. ಆಕೆಯ ಕೈ ಸರಿಯಾಗಿ ಎಟಕುತ್ತಿರಲಿಲ್ಲ. ನಾನು ತಲೆ ಬಗ್ಗಿಸಿ ಕೊಟ್ಟೆ.